ಬಬಲೇಶ್ವರ ಡಿಪೋದ ಮುಖಪುಟ ಅಳಿಸಿದ ಮೇಲೆ

ಇದು ಇಪ್ಪತ್ತೊಂಬತ್ತು ದಿನಗಳ ವಿಷಯ. ಮೊದಲ ದಿನ ನಾನು ಒಂದು ತಪ್ಪು ಮಾಡಿದೆ, ಕೊನೆಯ ದಿನ ಅದನ್ನು ಒಪ್ಪಿಕೊಂಡೆ. ನಡುವಿನ ದಿನಗಳಲ್ಲಿ ನಾನು ಆಡಿದ್ದರಲ್ಲಿ, ಬರೆದದ್ದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿತ್ತು. ಉಳಿದದ್ದೆಲ್ಲ ನಿಜವೇ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ನಮ್ಮದು ಆಕ್ಸಿಜನ್ ಸಿಲಿಂಡರ್ ಪೂರೈಸುವ ಸಂಸ್ಥೆ. ದೊಡ್ಡ ಗೋದಾಮು ಮತ್ತು ಕಚೇರಿ ವಿಜಯಪುರದಲ್ಲಿ, ಎರಡು ಚಿಕ್ಕ ಡಿಪೋಗಳು ತಿಕೋಟಾ ಮತ್ತು ಬಬಲೇಶ್ವರದಲ್ಲಿ. ಆಸ್ಪತ್ರೆಗಳು, ವೆಲ್ಡಿಂಗ್ ಅಂಗಡಿಗಳು, ಮತ್ತೆ ಉಸಿರಾಟದ ತೊಂದರೆಯಿಂದ ಮನೆಯಲ್ಲೇ ಆಕ್ಸಿಜನ್ ಹಚ್ಚಿಕೊಂಡಿರುವ ಕೆಲವು ರೋಗಿಗಳು ನಮ್ಮ ಗಿರಾಕಿಗಳು. ಇಡೀ ವ್ಯವಹಾರ ನಡೆಯುವುದು ಒಂದು ಸಾಫ್ಟ್‌ವೇರಿನಲ್ಲಿ. ಅದರ ಅಡ್ಮಿನ್ ನಾನು. ಯಾರಿಗೆ ಏನು ಕಾಣಬೇಕು, ಏನು ಕಾಣಬಾರದು ಎಂಬುದು ನನ್ನ ಕೈಯಲ್ಲಿತ್ತು.

ಲಾಗಿನ್ ಆದೊಡನೆ ತೆರೆದುಕೊಳ್ಳುವ ಪರದೆಗೆ ಹೋಮ್ ಪೇಜ್, ಅಂದರೆ ಮುಖಪುಟ, ಎನ್ನುತ್ತೇವೆ. ಅದರಲ್ಲಿ ಚೌಕ ಚೌಕವಾಗಿ ಕಾರ್ಡುಗಳಿರುತ್ತವೆ: ಇಂದಿನ ಆರ್ಡರ್, ಕಳಿಸಬೇಕಾದ ಸಿಲಿಂಡರ್, ಮರಳಿ ಬರಬೇಕಾದ ಖಾಲಿ ಸಿಲಿಂಡರ್, ಹೀಗೆ. ಮೂಲ ಪುಟವನ್ನು ನಾನು ಮಾಡಿಕೊಡುತ್ತೇನೆ. ಅದರ ಮೇಲೆ ಪ್ರತಿಯೊಬ್ಬರೂ ಬೇಡದ ಕಾರ್ಡು ತೆಗೆಯಬಹುದು, ತಮಗೆ ಬೇಕಾದ ಪಟ್ಟಿಯನ್ನು ಷರತ್ತು ಹಾಕಿ ಸೋಸಿ ಹೊಸ ಕಾರ್ಡಾಗಿ ಕೂರಿಸಿಕೊಳ್ಳಬಹುದು. ವರ್ಷಗಟ್ಟಲೆ ಹಾಗೆ ನಡೆದು ಇಪ್ಪತ್ತಮೂರು ಜನರ ಪರದೆ ಇಪ್ಪತ್ತಮೂರು ಥರ ಆಗಿತ್ತು.

ಒಂದು ಶುಕ್ರವಾರದ ಸಭೆಯಲ್ಲಿ ತಿಕೋಟಾದವರು ಓದಿದ ಆರ್ಡರ್ ಸಂಖ್ಯೆಗೂ ಮ್ಯಾನೇಜರ್ ಪರದೆಯ ಸಂಖ್ಯೆಗೂ ತಾಳೆ ಬೀಳಲಿಲ್ಲ. ತಿಕೋಟಾದವರು ತಮ್ಮ ಕಾರ್ಡಿನಲ್ಲಿ ಹೊನವಾಡ, ಕನಮಡಿ ಕಡೆಯ ಊರುಗಳನ್ನು ಬೇರೆ ಮಾಡಿಕೊಂಡಿದ್ದರು, ಅಷ್ಟೇ. ಆದರೆ ಮ್ಯಾನೇಜರ್ ಸಿಟ್ಟಿಗೆದ್ದರು.

"ಒಬ್ಬೊಬ್ಬರದು ಒಂದೊಂದ ಥರ ಇದ್ರ ನಾ ಯಾರದನ್ನ ನಂಬಲಿ? ಸೋಮವಾರದಿಂದ ಎಲ್ಲಾರ ಪರದೆ ಒಂದ ಥರ ಇರಬೇಕ ನೋಡ್ರಿ."

ಅವರು ಹೇಳಿದ್ದು ಇಷ್ಟೇ. ಅಳಿಸು ಎಂದು ಹೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಕೆಲಸಕ್ಕೆ ಕೂತೆ. ಅಡ್ಮಿನ್ ಪರದೆಯಲ್ಲಿ ಎರಡು ಆಯ್ಕೆಗಳಿದ್ದವು. ಮೊದಲನೆಯದು ಬೀಗ ಹಾಕುವುದು. ಹಾಗೆ ಮಾಡಿದರೆ ಎಲ್ಲರಿಗೂ ನನ್ನ ಪುಟವೇ ಕಾಣುತ್ತದೆ, ಅವರವರ ಪುಟ ಅಡಿಯಲ್ಲಿ ಹಾಗೇ ಉಳಿದಿರುತ್ತದೆ, ಬೀಗ ತೆಗೆದರೆ ಮತ್ತೆ ಸಿಗುತ್ತದೆ. ಅದರ ಕೆಳಗೆ ಒಂದು ಚಿಕ್ಕ ಚೌಕ: ಬಳಕೆದಾರರ ಮಾರ್ಪಾಡುಗಳನ್ನು ಅಳಿಸು. ಅದಕ್ಕೆ ಟಿಕ್ ಹಾಕುವ ಅಗತ್ಯ ಇರಲೇ ಇಲ್ಲ. ಹಾಕುವ ಮುನ್ನ ಪ್ರಯೋಗದ ಪ್ರತಿಯಲ್ಲಿ ಮಾಡಿ ನೋಡಬೇಕು, ಜನರಿಗೆ ಒಂದು ವಾರ ಮೊದಲೇ ತಿಳಿಸಬೇಕು, ಹಳೆಯ ಪುಟಗಳನ್ನು ಫೈಲಾಗಿ ಇಳಿಸಿಟ್ಟುಕೊಳ್ಳಬೇಕು ಎಂದು ಕೈಪಿಡಿಯಲ್ಲಿತ್ತು. ನಾನು ಮೂರನ್ನೂ ಮಾಡಲಿಲ್ಲ. ಹಳೆಯ ಕೆಲವು ಕಾರ್ಡುಗಳು ಆಗಾಗ ಕೆಟ್ಟು ನನಗೆ ಫೋನ್ ಬರುತ್ತಿತ್ತು. ಒಮ್ಮೆ ಬುಡಸಮೇತ ತೆಗೆದರೆ ಆ ಕಾಟ ತಪ್ಪುತ್ತದೆ ಅಂದುಕೊಂಡೆ. ಟಿಕ್ ಹಾಕಿದೆ. ಇಪ್ಪತ್ತಮೂರು ಜನರ ಮಾರ್ಪಾಡುಗಳು ಶಾಶ್ವತವಾಗಿ ಅಳಿಯುತ್ತವೆ, ಮುಂದುವರಿಯಬೇಕೇ ಎಂದು ಕೇಳಿತು. ಹೌದು ಅಂದೆ. ಸ್ವಚ್ಛವಾದ ಪರದೆ ನೋಡಿ ಖುಷಿಯಾಯಿತು ಕೂಡ. ಗುಂಪಿಗೆ ಒಂದು ಸಾಲಿನ ಸಂದೇಶ ಹಾಕಿ ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಬಬಲೇಶ್ವರ ಡಿಪೋದ ಉಸ್ತುವಾರಿ ಮೇಡಂ ಫೋನ್ ಮಾಡಿದರು. ಅವರು ಆ ಡಿಪೋ ಶುರುವಾದಾಗಿನಿಂದ ಅಲ್ಲಿದ್ದವರು, ಅದೇ ಊರಿನವರು. ವ್ಯಾನಿನ ಚಾಲಕನಿಂದ ಹಿಡಿದು ಹಮಾಲರವರೆಗೆ ಎಲ್ಲರೂ ಅವರಿಗೆ ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು. ನನಗೆ ಅವರು ಹೆಚ್ಚಾಗಿ ಫೋನಿನಲ್ಲಿ ಬರುವ ಒಂದು ದನಿ ಅಷ್ಟೇ ಆಗಿದ್ದರು.

"ಸರ್, ನನ್ನ ಪಟ್ಟಿ ಕಾಣಾಕತ್ತಿಲ್ರಿ."

"ಯಾವ ಪಟ್ಟಿ ಮೇಡಂ?"

"ಮನಿ ಪೇಶೆಂಟ್‌ದು. ನಾ ಮಾಡ್ಕೊಂಡಿದ್ನೆಲ್ರಿ, ಎಡಗಡೆ ಮ್ಯಾಲ ಇರ್ತಿತ್ತು."

"ಈಗ ಎಲ್ಲಾರಿಗೂ ಒಂದ ಪುಟ ಮೇಡಂ. ಗಿರಾಕಿ ಪಟ್ಟಿಗೆ ಹೋದ್ರ ಎಲ್ಲಾರ ಹೆಸರೂ ಅದಾವ. ಸ್ವಲ್ಪ ದಿನ ತ್ರಾಸ ಆಗ್ತದ, ಆಮ್ಯಾಲ ರೂಢಿ ಆಗ್ತದ."

"ಹೆಸರ ಅದಾವ್ರಿ. ಯಾರದ ಮುಗಿಯಾಕ ಬಂದೈತಿ ಅಂತ ಹ್ಯಾಂಗ ಗೊತ್ತಾಗಬೇಕ್ರಿ?"

"ಮುಗಿದ್ರ ಅವರ ಆರ್ಡರ್ ಕೊಡ್ತಾರಲ್ಲ."

ಅವರು "ಆಗಲ್ರಿ ಸರ್" ಎಂದು ಫೋನ್ ಇಟ್ಟರು. ಬಂದ ದೂರನ್ನೆಲ್ಲ ದಾಖಲಿಸಬೇಕೆಂಬ ನಿಯಮ ನನ್ನದೇ. ಬರೆದೆ: "ಹೊಸ ಪುಟದ ಬಗ್ಗೆ ದೂರು. ವಿವರಿಸಲಾಗಿದೆ."

ಬುಧವಾರ ಮತ್ತೆ ಫೋನ್ ಮಾಡಿದರು. ಅದೊಂದೇ ಕಾರ್ಡು ಮರಳಿ ಕೊಡಿ, ಬೇರೇನೂ ಬೇಡ ಅಂದರು. ಮೇಲ್ ಹಾಕಿ, ಮ್ಯಾನೇಜರ್ ಒಪ್ಪಿಗೆ ಬೇಕು ಅಂದೆ. ಅವರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು, ಹದಿನಾರು ರೋಗಿಗಳ ಹೆಸರು, ಊರು ಬರೆದು ಮೇಲ್ ಹಾಕಿದರು. ನಾನು ಅದನ್ನು ಮುಂದಿನ ತಿಂಗಳು ನೋಡುವ ಕೆಲಸಗಳ ಸಾಲಿಗೆ ಸೇರಿಸಿದೆ. ಮ್ಯಾನೇಜರಿಗೆ ಕಳಿಸಲಿಲ್ಲ.

ಅದರ ಮುಂದಿನ ಸೋಮವಾರ, ಅಂದರೆ ಹತ್ತನೆಯ ದಿನ, ಕಾಖಂಡಕಿಯಲ್ಲಿ ಆ ಘಟನೆ ನಡೆಯಿತು.

ಅಲ್ಲಿ ಐವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ಇದ್ದರು. ಮೂವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದು ಮಾರಿದವರು. ಆ ಹೊಗೆ ಅವರ ಪುಪ್ಪುಸಗಳನ್ನು ತಿಂದಿತ್ತು. ಕರೆಂಟ್ ಇರುವಾಗ ಅವರಿಗೆ ಗಾಳಿಯಿಂದ ಆಕ್ಸಿಜನ್ ತೆಗೆಯುವ ಮಷೀನು. ಕರೆಂಟ್ ಹೋದಾಗ ನಮ್ಮ ದೊಡ್ಡ ಸಿಲಿಂಡರ್. ಆ ವಾರ ಸಂಜೆ ಸಂಜೆ ಬಿರುಗಾಳಿ ಎದ್ದು ಕಂಬಗಳು ಬಿದ್ದು ಊರಿಗೆ ಕರೆಂಟ್ ಸರಿಯಾಗಿ ಇರಲಿಲ್ಲ. ಸಿಲಿಂಡರ್ ಎಂದಿಗಿಂತ ಬೇಗ ಇಳಿಯಿತು. ಸೋಮವಾರ ಮಧ್ಯಾಹ್ನ ಒಂದೂವರೆಗೆ ಗೇಜಿನ ಮುಳ್ಳು ಕೆಂಪಿಗೆ ಬಂದಿದ್ದನ್ನು ಸೊಸೆ ನೋಡಿ ಡಿಪೋಗೆ ಫೋನ್ ಮಾಡಿದಳು. ನಮ್ಮ ವ್ಯಾನ್ ವಿಜಯಪುರದ ಆಸ್ಪತ್ರೆಯೊಂದಕ್ಕೆ ಹೋಗಿತ್ತು. ಮೇಡಂ ಬಾಡಿಗೆಗೆ ಟಂಟಂ ಆಟೊ ಮಾಡಿ ಸಿಲಿಂಡರ್ ಹೇರಿಸಿದರು. ಅದು ಊರು ಮುಟ್ಟುವಷ್ಟರಲ್ಲಿ ಆಕ್ಸಿಜನ್ ಮುಗಿದು, ತುಟಿ ನೀಲಿಯಾಗಿ, ಮನೆಯವರು ಅವರನ್ನು ಯಾರದೋ ಕಾರಿನಲ್ಲಿ ಹಾಕಿಕೊಂಡು ಹೊರಟುಬಿಟ್ಟಿದ್ದರು. ವಿಜಯಪುರದ ಆಸ್ಪತ್ರೆಯಲ್ಲಿ ಆರು ದಿನ ಉಸಿರಾಟದ ಯಂತ್ರದ ಮೇಲಿದ್ದರು. ಬದುಕಿದರು.

ನನಗೆ ಸುದ್ದಿ ತಿಳಿದದ್ದು ಸಂಜೆ ನಾಲ್ಕಕ್ಕೆ, ಮ್ಯಾನೇಜರ್ ಒಳಗೆ ಕರೆದಾಗ.

"ಮನಿಯವರು ಆಸ್ಪತ್ರಿ ಮುಂದ ಗದ್ದಲ ಮಾಡ್ಯಾರ. ಪ್ರತಿ ಸಲ ಡಿಪೋದವರ ಮೊದಲ ಫೋನ್ ಮಾಡ್ತಿದ್ರು, ಈ ಸಲ ಮಾಡಲಿಲ್ಲ ಅಂತಾರ. ಯಾರಿಗೆ ಏನ್ ಗೊತ್ತಿತ್ತು, ಯಾವಾಗ ಗೊತ್ತಿತ್ತು, ಸಿಸ್ಟಮ್ ನೋಡಿ ಬರದ ಕೊಡ್ರಿ ನನಗ."

ನನ್ನ ಕುರ್ಚಿಗೆ ಮರಳಿದೆ. ಆ ಹದಿನಾರು ಹೆಸರಿನ ಮೇಲ್ ತೆರೆದೆ. ಕಾಖಂಡಕಿಯ ಹೆಸರು ಐದನೆಯದಾಗಿತ್ತು.

ಅಂದು ನಾನು ಬರೆದ ವರದಿ ಅರ್ಧ ಪುಟದ್ದು. ಗಿರಾಕಿಯ ದಾಖಲೆ ವ್ಯವಸ್ಥೆಯಲ್ಲಿ ಲಭ್ಯವಿತ್ತು. ಡಿಪೋ ಉಸ್ತುವಾರಿ ಅಂದು ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಲಾಗಿನ್ ಆಗಿದ್ದರು. ಘಟನೆಗೆ ಹಿಂದಿನ ಮೂರು ದಿನಗಳಲ್ಲಿ ಆ ದಾಖಲೆಯನ್ನು ತೆರೆದಿರಲಿಲ್ಲ. ಮೂರೂ ನಿಜ. ಯಾರು ಯಾವಾಗ ಏನು ಮಾಡಿದರೆಂದು ಸಿಸ್ಟಮ್ ತಾನೇ ಬರೆದಿಡುವ ಲಾಗ್ ಪಟ್ಟಿಯಲ್ಲಿ ಇದ್ದದ್ದನ್ನೇ ಇಳಿಸಿದ್ದೆ. ಅದೇ ಪಟ್ಟಿಯಲ್ಲಿ, ಒಂಬತ್ತು ದಿನ ಹಿಂದೆ, ನನ್ನ ಹೆಸರಿನ ಎದುರು ಇದ್ದ ಒಂದು ಸಾಲನ್ನು ಇಳಿಸಲಿಲ್ಲ. ಕೇಳಿದ್ದು ಡಿಪೋ ಬಗ್ಗೆ, ಹೋಮ್ ಪೇಜ್ ಬಗ್ಗೆ ಅಲ್ಲವಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ಮೇಡಂಗೆ ಮೆಮೊ ಹೋಯಿತು. ಅವರು ಉತ್ತರದಲ್ಲಿ "ಕಂಪ್ಯೂಟರ್ ಬದಲಾದ ಮೇಲೆ ನನ್ನ ಪಟ್ಟಿ ಹೋಯಿತು, ಕಾಗದದ ಮೇಲೆ ಬರೆದುಕೊಂಡಿದ್ದೆ, ಈ ಹೆಸರು ಬಿಟ್ಟುಹೋಯಿತು, ನನ್ನ ತಪ್ಪು" ಎಂದು ಬರೆದುಕೊಟ್ಟರಂತೆ. ಕಂಪ್ಯೂಟರ್ ಬದಲಾಯಿತು ಎಂಬುದು ಮ್ಯಾನೇಜರ್ ಪಾಲಿಗೆ ಸಬೂಬಾಗಿ ಕಂಡಿತು. ಎಲ್ಲರಿಗೂ ಬದಲಾಗಿದೆ, ಬೇರೆ ಯಾರೂ ರೋಗಿಯನ್ನು ಮರೆತಿಲ್ಲವಲ್ಲ ಅಂದರು. ಪುಟ ಬದಲಾಗುವುದು ಬೇರೆ, ಅಳಿಯುವುದು ಬೇರೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಆ ವ್ಯತ್ಯಾಸ ಗೊತ್ತಿದ್ದವನು ಇಡೀ ಸಂಸ್ಥೆಯಲ್ಲಿ ನಾನೊಬ್ಬನೇ.

ಅವರನ್ನು ಡಿಪೋದಿಂದ ತೆಗೆದು ವಿಜಯಪುರದ ಗೋದಾಮಿಗೆ ಹಾಕಿದರು. ಗೇಟಿನ ಹತ್ತಿರ ತಗಡಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಒಳಗೆ ಬರುವ ಖಾಲಿ ಸಿಲಿಂಡರಿನ ನಂಬರ್ ಬರೆದುಕೊಳ್ಳುವ ಕೆಲಸ. ನನ್ನ ಕಿಟಕಿಯ ಕೆಳಗೇ ಅದು. ಬೆಳಿಗ್ಗೆ ಬಬಲೇಶ್ವರದಿಂದ ಬಸ್ಸಿಗೆ ಬಂದು, ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಹಮಾಲರು ಸಿಲಿಂಡರ್ ಉರುಳಿಸುವ ಸಪ್ಪಳದ ನಡುವೆ, ನಾನು ಊಟಕ್ಕೆ ಇಳಿದರೆ ತಲೆ ಎತ್ತಿ "ಊಟಕ್ಕ ಹೊಂಟ್ರೇನ್ರಿ ಸರ್" ಎಂದು ಕೇಳುತ್ತಿದ್ದರು. ನಾನು ಹೂಂ ಅಂದು ನಡೆಯುತ್ತಿದ್ದೆ. ಅವರು ಬಂದ ನಾಲ್ಕನೆಯ ದಿನದಿಂದ ನಾನು ಹಿಂದಿನ ಬಾಗಿಲಿನಿಂದ ಹೋಗಲು ಶುರುಮಾಡಿದೆ.

ಡಿಪೋಗೆ ತಿಕೋಟಾದಿಂದ ಒಬ್ಬ ಗುಮಾಸ್ತರನ್ನು ಕಳಿಸಿದ್ದರು. ಅವರಿಗೆ ತರಬೇತಿ ಕೊಡಲು ಇಪ್ಪತ್ತಾರನೆಯ ದಿನ, ಬುಧವಾರ, ನಮ್ಮ ವ್ಯಾನಿನಲ್ಲೇ ಬಬಲೇಶ್ವರಕ್ಕೆ ಹೊರಟೆ. ಹಿಂದೆ ಸಿಲಿಂಡರುಗಳು, ಮುಂದೆ ನಾನು ಮತ್ತು ಚಾಲಕ. ಜಮಖಂಡಿ ರಸ್ತೆಗೆ ಬಿದ್ದ ಮೇಲೆ ಚಾಲಕ ಮಾತು ತೆಗೆದ.

"ಆಪಾ ಇದ್ದಾಗ ನನಗ ಮುಂಜಾನೆನ ಚೀಟಿ ಕೊಡ್ತಿದ್ರಿ. ಇವತ್ತ ಇಂತಿಂಥಾ ಮನಿಗೆ ಹೋಗು, ಅವರ ಕೇಳಿರಂಗಿಲ್ಲ, ಆದ್ರೂ ಇಳಿಸಿ ಬಾ ಅಂತ. ಹೋದ್ರ ಮುಳ್ಳ ಕೆಳಗ ಇರ್ತಿತ್ತ್ರಿ. ಒಂದ ಸಲಾನೂ ತಪ್ಪತಿದ್ದಿಲ್ಲ."

"ಹ್ಯಾಂಗ ಗೊತ್ತಾಗ್ತಿತ್ತು ಅವರಿಗೆ?"

"ಯಾರರ ಕರೆಂಟ್ ಹೋಗೈತಿ ಅಂತ ಫೋನ್ ಮಾಡಿದ್ರ ಏನೋ ಟಕಟಕ ಒತ್ತಿ ಇಡ್ತಿದ್ರಿ. ಆ ಪರದಿ ಒಳಗ ಎಲ್ಲಾ ಬರ್ತಿತ್ತಂತ. ಅದನ್ನ ಯಾರೋ ತಗದ್ರಂತಲ್ರಿ." ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ, "ಯಾರ್ ತಗದ್ರಿ ಸರ್ ಅದನ್ನ?"

"ಯಾರೂ ತಗದಿಲ್ಲಪಾ," ಅಂದೆ. "ಸಾಫ್ಟ್‌ವೇರ್ ತಾನ ಬದಲಾತು."

ಅದೇ ಆ ಸುಳ್ಳು. ಅಷ್ಟು ದಿನ ಮರೆಮಾಚಿದ್ದೆ. ಅವತ್ತು ಬಾಯಿಬಿಟ್ಟು ಆಡಿದೆ. ಚಾಲಕ "ಹೌದ್ರೇನು" ಎಂದ. ಅವನು ನಂಬಿದ. ನನಗೆ ಹೆಚ್ಚು ಕಷ್ಟವಾದದ್ದು ಅದೇ.

ಡಿಪೋದಲ್ಲಿ ಹೊಸ ಗುಮಾಸ್ತರು ನನ್ನ ಸ್ವಚ್ಛ ಪುಟವನ್ನು ತೆರೆದು ಕೂತಿದ್ದರು. ಮೇಜಿನ ಮೇಲೆ ಮೇಡಂ ಬರೆದಿಟ್ಟ ಒಂದು ಹಾಳೆ ಇತ್ತು. ನೆನಪಿನಿಂದ ಬರೆದ ಹೆಸರುಗಳು, ಹದಿನೈದು. ಕಾಖಂಡಕಿಯ ಹೆಸರು ಇರಲಿಲ್ಲ. ನನ್ನ ಮೇಲ್ ಪೆಟ್ಟಿಗೆಯಲ್ಲಿದ್ದ ಪಟ್ಟಿಯಲ್ಲಿ ಹದಿನಾರೂ ಇದ್ದವು. ಅವರು ಬುಧವಾರ ನನಗೆ ಕಳಿಸಿದ್ದು ಸರಿಯಾಗಿತ್ತು. ಆಮೇಲೆ ಗಡಿಬಿಡಿಯಲ್ಲಿ ಹಾಳೆಯ ಮೇಲೆ ಬರೆಯುವಾಗ ಒಂದು ಹೆಸರು ಬಿಟ್ಟಿದ್ದರು. ನಾನು ಆ ಮೇಲ್ ಓದಿ ಕಾರ್ಡು ಕೊಟ್ಟಿದ್ದರೆ ಹಾಳೆಯೇ ಬೇಕಿರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಬಂದೆ. ಚಾಲಕನ ಪಕ್ಕ ಕೂರಲು ಮನಸ್ಸಾಗಲಿಲ್ಲ. ದಾರಿಯಲ್ಲಿ ಒಂದು ಲೆಕ್ಕ ತಲೆಗೆ ಬಂತು. ನಮ್ಮ ಸರ್ವರಿನ ಬ್ಯಾಕಪ್ ಪ್ರತಿ ಸಂಜೆ ಏಳಕ್ಕೆ ಆಗುತ್ತದೆ, ಮೂವತ್ತು ದಿನ ಉಳಿಯುತ್ತದೆ. ಮೇಡಂ ಪುಟ ಇರುವ ಕೊನೆಯ ಬ್ಯಾಕಪ್ ಸಭೆ ನಡೆದ ಆ ಶುಕ್ರವಾರದ್ದು. ಬರುವ ಭಾನುವಾರ ಸಂಜೆ ಅದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಲಾಗ್ ಪಟ್ಟಿಯಲ್ಲಿ ನನ್ನ ಹೆಸರಿನ ಸಾಲು ಉಳಿದರೂ, ಅಳಿದ ಪುಟದಲ್ಲಿ ಏನಿತ್ತು ಎಂದು ತೋರಿಸುವ ಯಾವುದೂ ಉಳಿಯುವುದಿಲ್ಲ. ನಾನು ಮಾಡಬೇಕಾದದ್ದು ಏನೂ ಇಲ್ಲ. ನಾಲ್ಕು ದಿನ ಸುಮ್ಮನಿದ್ದರೆ ಸಾಕು.

ಆ ಸಲೀಸನ್ನು ನೋಡಿ ನನಗೆ ಹೆದರಿಕೆಯಾಯಿತು. ಬಸ್ಸು ಇಳಿಯುವ ಮೊದಲೇ ನಿರ್ಧರಿಸಿದ್ದೆ ಎಂದು ಹೇಳಿಕೊಳ್ಳಬಹುದು, ಆದರೆ ಅದು ನಿಜವಲ್ಲ. ಗುರುವಾರ ಬೆಳಿಗ್ಗೆ ಬ್ಯಾಕಪ್ ಹೊರತೆಗೆಯಲು ಕೂತಾಗಲೂ, ಸುಮ್ಮನೆ ನೋಡೋಣ, ಆ ಪುಟದಲ್ಲಿ ಅಂಥದ್ದೇನೂ ಇರಲಿಕ್ಕಿಲ್ಲ ಎಂಬ ಆಸೆ ಒಳಗೆ ಇತ್ತು. ಏನೂ ಇರದಿದ್ದರೆ ನಾನು ಪಾರಾಗುತ್ತಿದ್ದೆ.

ನಡೆಯುತ್ತಿರುವ ವ್ಯವಸ್ಥೆಯ ಮೇಲೆ ಹಳೆಯ ಬ್ಯಾಕಪ್ ಸುರಿಯುವಂತಿಲ್ಲ. ಸುರಿದರೆ ತಿಂಗಳ ವ್ಯವಹಾರವೆಲ್ಲ ಹೋಗುತ್ತದೆ. ಪ್ರಯೋಗದ ಕಂಪ್ಯೂಟರಿನಲ್ಲಿ ತೆರೆಯಬೇಕು. ಮೊದಲ ಸಲ ಅರ್ಧಕ್ಕೆ ನಿಂತಿತು, ಡಿಸ್ಕಿನಲ್ಲಿ ಜಾಗ ಇರಲಿಲ್ಲ. ಹಳೆಯ ಫೈಲು ತೆಗೆದು ಮತ್ತೆ ಹಚ್ಚಿದೆ. ಈ ಸಲ ಪೂರ್ತಿಯಾಯಿತು, ಆದರೆ ಸಾಫ್ಟ್‌ವೇರ್ ತೆರೆಯಲಿಲ್ಲ. ನಡುವೆ ಅದರ ಹೊಸ ಆವೃತ್ತಿ ಬಂದಿದ್ದರಿಂದ ಹಳೆಯ ಮಾಹಿತಿಗೂ ಹೊಸ ಪ್ರೋಗ್ರಾಮಿಗೂ ಹೊಂದಲಿಲ್ಲ. ಸಾಫ್ಟ್‌ವೇರ್ ಕಂಪನಿಯವರಿಗೆ ಫೋನ್ ಮಾಡಿದೆ. ಒಬ್ಬ ಬಳಕೆದಾರರ ಪುಟವನ್ನಷ್ಟೇ ಮರಳಿ ತರುವ ವ್ಯವಸ್ಥೆ ಇಲ್ಲ ಅಂದರು. ಶುಕ್ರವಾರ ಬೆಳಿಗ್ಗೆ ಪ್ರೋಗ್ರಾಮನ್ನು ಬದಿಗಿಟ್ಟು ನೇರವಾಗಿ ಮಾಹಿತಿಯ ಕೋಷ್ಟಕಗಳನ್ನೇ ತೆರೆದು ಹುಡುಕಿದೆ. ಬಳಕೆದಾರರ ಪುಟಗಳು ಒಂದು ಕೋಷ್ಟಕದಲ್ಲಿ, ಒಬ್ಬೊಬ್ಬರದು ಒಂದೊಂದು ಉದ್ದನೆಯ ಸಾಲಾಗಿ, ಆವರಣ ಚಿಹ್ನೆ, ಅಂಕಿ, ಸಂಕೇತಗಳ ರಾಶಿಯಾಗಿ ಕೂತಿದ್ದವು. ಮೇಡಂ ಸಾಲನ್ನು ಕಾಗದಕ್ಕೆ ಇಳಿಸಿಕೊಂಡು ಪೆನ್ನು ಹಿಡಿದು ಬಿಡಿಸಿದೆ.

ಏಳು ಕಾರ್ಡುಗಳಿದ್ದವು. ಎಡಗಡೆ ಮೇಲಿನ ಕಾರ್ಡಿಗೆ ಅವರು ಕೊಟ್ಟಿದ್ದ ಹೆಸರು "ಇವರಿಗೆ ಫೋನ್ ಮಾಡು". ಅದಕ್ಕೆ ಮೂರು ಷರತ್ತು. ಗಿರಾಕಿ ಮನೆಯ ರೋಗಿ ಆಗಿರಬೇಕು. ಕೊನೆಯ ಸಿಲಿಂಡರ್ ಕೊಟ್ಟು ಆರು ದಿನ ದಾಟಿರಬೇಕು. ಇಲ್ಲವೇ ಷರಾ ಬರೆಯುವ ಜಾಗದಲ್ಲಿ "ಕ" ಎಂಬ ಅಕ್ಷರ ಇರಬೇಕು. ಕ ಅಂದರೆ ಕರೆಂಟ್. ಪಕ್ಕದಲ್ಲಿ ಎಷ್ಟು ತಾಸು ಹೋಗಿತ್ತು ಎಂಬ ಅಂಕಿ. ಹೆಚ್ಚು ತಾಸು ಹೋದವರು ಮೇಲೆ ಬರುವಂತೆ ಜೋಡಿಸಿದ್ದರು. ಯಾರೂ ಕಲಿಸದೆ, ಸಾಫ್ಟ್‌ವೇರಿನಲ್ಲಿ ಇಲ್ಲದ ಒಂದು ಎಚ್ಚರಿಕೆಯನ್ನು ಅವರು ತಾವೇ ಕಟ್ಟಿಕೊಂಡಿದ್ದರು.

ಆ ಷರತ್ತುಗಳನ್ನು ಈಗಿನ ಮಾಹಿತಿಯ ಮೇಲೆ ಹಾಕಿ, ಘಟನೆಯ ಮುಂಚಿನ ದಿನದ ತಾರೀಖು ಕೊಟ್ಟು ಒತ್ತಿದೆ. ಪುಟ ಹೋದ ಮೇಲೂ ಅವರು ಷರಾದಲ್ಲಿ ಕ ಬರೆಯುವುದನ್ನು ಬಿಟ್ಟಿರಲಿಲ್ಲ. ಕಾಖಂಡಕಿಯಿಂದ ಸೊಸೆ ಗುರುವಾರ ಫೋನ್ ಮಾಡಿ ಕರೆಂಟ್ ಹೋದದ್ದನ್ನು ಹೇಳಿದ್ದಳು, ಅದು ದಾಖಲಾಗಿತ್ತು. ಆದರೆ ಅದನ್ನು ಎತ್ತಿ ತೋರಿಸುವ ಕಾರ್ಡು ಇರಲಿಲ್ಲ. ಪರದೆಯ ಮೇಲೆ ನಾಲ್ಕು ಹೆಸರು ಬಂದವು. ಮೊದಲನೆಯದೇ ಆ ಹೆಣ್ಣುಮಗಳದು.

ಕೆಳಗೆ ಗೇಟಿನ ಹತ್ತಿರ ಮೇಡಂ ಯಾವುದೋ ನಂಬರನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಶನಿವಾರ ಎರಡನೆಯ ವರದಿ ಬರೆದೆ. ಲಾಗ್ ಪಟ್ಟಿಯ ಸಾಲು, ಅವರ ಎರಡು ಫೋನ್ ಕರೆಗೆ ನಾನು ಬರೆದ ಷರಾ, ನಾನು ಮುಂದೆ ಕಳಿಸದ ಮೇಲ್, ಬ್ಯಾಕಪ್ಪಿನ ಪುಟ, ಆ ನಾಲ್ಕು ಹೆಸರಿನ ಪಟ್ಟಿ ಎಲ್ಲವನ್ನೂ ಹಚ್ಚಿ ಮ್ಯಾನೇಜರ್ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ನಾ ಅಳಸು ಅಂದಿದ್ನೇನು ನಿಮಗ?"

"ಇಲ್ರಿ. ಒಂದ ಥರ ಮಾಡು ಅಂದಿದ್ರಿ."

"ಅಳಸದನ ಮಾಡಬಹುದಿತ್ತೇನು?"

"ಮಾಡಬಹುದಿತ್ತ್ರಿ. ಒಂದ ಟಿಕ್ ಬಿಟ್ಟಿದ್ರ ಸಾಕಿತ್ತು."

"ಮತ್ತ ಮೊದಲನೇ ವರದಿ ಒಳಗ ಇದನ್ನ ಯಾಕ ಬರೀಲಿಲ್ಲ?"

ಅಂಜಿದ್ದೆ ಎಂದೆ. ಅವರು ಕನ್ನಡಕ ತೆಗೆದಿಟ್ಟು ಕಿಟಕಿಯ ಕಡೆ ನೋಡಿದರು.

"ಆಕಿ ನನ್ನ ಮುಂದ ಕುಂತ ಹೇಳಿದ್ಳು. ಕಂಪ್ಯೂಟರ್ ಒಳಗಿಂದ ಹೋಗೈತಿ ಅಂತ. ನೆಪಾ ಹೇಳಬ್ಯಾಡ್ರಿ ಅಂತ ಬೈದ ಕಳಿಸೀನಿ ನಾನೂ." ಆಮೇಲೆ ಕೇಳಿದರು, "ಆಕಿಗೆ ಹೇಳೀರೇನು?"

"ಇನ್ನೂ ಇಲ್ರಿ."

"ಮೊದಲ ಹೋಗಿ ಹೇಳಿ ಬರ್ರಿ. ನಿಮ್ಮ ವಿಚಾರ ಆಮ್ಯಾಲ ನೋಡೋಣು."

ಕೆಳಗಿಳಿದೆ, ಮುಂದಿನ ಬಾಗಿಲಿನಿಂದ. ಮೇಡಂ ನಂಬರಿನ ಪುಸ್ತಕ ಮಡಚಿ ಊಟದ ಡಬ್ಬಿ ತೆಗೆಯುತ್ತಿದ್ದರು. ನಿಂತುಕೊಂಡೇ ಹೇಳಿದೆ. ನಡುವೆ ಎಲ್ಲೂ ನಿಲ್ಲಿಸದೆ, ಮ್ಯಾನೇಜರ್ ಹೇಳಿದ್ದಕ್ಕೆ ಎಂದು ಸೇರಿಸದೆ ಹೇಳಿ ಮುಗಿಸಿದೆ. ಅವರು ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದರು.

"ಎರಡ ಸಲ ಫೋನ್ ಮಾಡಿದ್ನೆಲ್ರಿ ನಿಮಗ."

"ಹೌದ್ರಿ."

"ನಾ ದಿನಾ ಬಸ್ಸಿನ್ಯಾಗ ಕುಂತ, ಆ ಹೆಸರ ಹ್ಯಾಂಗ ಮರತ್ನಿ ಅಂತ ನನ್ನ ನೆನಪಿಗೆ ನಾನ ಬೈಕೊಂಡೀನ್ರಿ. ವಯಸ್ಸಾತು, ತಲಿ ಓಡವಲ್ದು, ಕೆಲಸ ಬಿಡಬೇಕು ಅಂತ ಮನ್ಯಾಗ ಹೇಳಿಬಿಟ್ಟೀನಿ. ನೀವ ಮ್ಯಾಲ ಕಿಟಕ್ಯಾಗ ನಿಂತ ನೋಡ್ತಿದ್ರಿ."

ತಪ್ಪಾಯಿತು ಅಂದೆ. ಆ ಮಾತು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಇನ್ನೊಮ್ಮೆ ಹೇಳಲು ಬಾಯಿ ಬರಲಿಲ್ಲ. ಅವರು ಅಳಲಿಲ್ಲ, ಬೈಯಲಿಲ್ಲ. "ನೀವ ಹೋಗ್ರಿ, ನಾ ಉಣ್ಣಬೇಕು" ಅಂದರು.

ಅವರ ಮೆಮೊ ಹಿಂತೆಗೆದುಕೊಂಡು, ತಪ್ಪು ಕಚೇರಿಯದೆಂದು ಬರೆದ ಪತ್ರವನ್ನು ಮ್ಯಾನೇಜರ್ ಖುದ್ದಾಗಿ ಕೊಟ್ಟರು. ಬಬಲೇಶ್ವರಕ್ಕೆ ಮರಳಿ ಕಳಿಸಿದರು. ನನ್ನ ಬಡ್ತಿ ನಿಂತಿತು. ಅಳಿಸುವ ಅಧಿಕಾರವನ್ನು ನನ್ನೊಬ್ಬನ ಕೈಯಿಂದ ತೆಗೆದು, ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಆಗದಂತೆ ಮಾಡಿದರು. ಹಾಗೆ ಮಾಡುವ ಸೆಟ್ಟಿಂಗ್ ಮೊದಲಿನಿಂದಲೂ ಇತ್ತು, ನಾನು ಹಚ್ಚಿರಲಿಲ್ಲ. ಮುಖಪುಟದ ಮೇಲಿನ ಅರ್ಧ ಈಗ ಎಲ್ಲರಿಗೂ ಒಂದೇ, ಕೆಳಗಿನ ಅರ್ಧ ಅವರವರದು. "ಇವರಿಗೆ ಫೋನ್ ಮಾಡು" ಕಾರ್ಡನ್ನು ಅದೇ ಹೆಸರಿನಲ್ಲಿ ಮೇಲಿನ ಅರ್ಧಕ್ಕೆ ಹಾಕಿದೆ. ತಿಕೋಟಾದವರಿಗೂ ಅದು ಕಾಣುತ್ತದೆ.

ಕಾರ್ಡು ಸರಿಯಾಗಿದೆಯೇ ನೋಡಲು ಒಂದು ದಿನ ಬಬಲೇಶ್ವರಕ್ಕೆ ಹೋಗಿ ಮೇಡಂ ಪಕ್ಕ ಕೂತೆ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಮೊದಲು ನನ್ನನ್ನು ಕೇಳುತ್ತಿದ್ದ ಊಟದ ಮಾತು ಈಗಿಲ್ಲ. ಮಧ್ಯಾಹ್ನ ವ್ಯಾನ್ ಕಾಖಂಡಕಿಗೆ ಹೊರಟಾಗ ನಾನೂ ಬರುತ್ತೇನೆ ಅಂದೆ. ಅವರು ಮುಂದಿನ ಸೀಟಿನಲ್ಲಿ ಜರುಗಿ ಜಾಗ ಬಿಟ್ಟರು. ಬಾಗಿಲು ಹಾಕುವ ಮೊದಲು ಚಾಲಕನಿಗೆ, ಅವತ್ತು ನಾನು ಹೇಳಿದ್ದು ಸುಳ್ಳು, ಅದನ್ನು ತೆಗೆದವನು ನಾನೇ ಎಂದೆ. "ಆಪಾ ಹೇಳ್ಯಾರ್ರಿ" ಎಂದು ಗಾಡಿ ಶುರುಮಾಡಿದ.

ರೊಟ್ಟಿಯ ಹೆಣ್ಣುಮಗಳು ಪಡಸಾಲೆಯಲ್ಲಿ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ನಳಿಗೆ, ಪಕ್ಕದಲ್ಲಿ ಮಷೀನಿನ ಗುರುಗುರು. ಆಸ್ಪತ್ರೆಯಿಂದ ಬಂದ ಮೇಲೆ ಎದ್ದು ಬಚ್ಚಲಿಗೆ ಹೋಗಲೂ ಒಬ್ಬರು ಬೇಕು ಎಂದು ಸೊಸೆ ಹೇಳಿದಳು. ಮೊದಲು ಕೂತಲ್ಲಿಯೇ ರೊಟ್ಟಿಯ ಹಿಟ್ಟನ್ನಾದರೂ ನಾದುತ್ತಿದ್ದರಂತೆ. ಈಗ ಅದೂ ಇಲ್ಲ. "ನೀವ ಫೋನ್ ಮಾಡ್ತಿದ್ರಲ್ಲ, ಇನ್ನೂ ಮಾಡಿಲ್ಲಂದ್ರ ಗ್ಯಾಸ್ ಇರಬೇಕು ಅಂತ ಸುಮ್ಮ ಇದ್ವಿರಿ" ಎಂದು ಅವಳು ಮೇಡಂ ಮುಖ ನೋಡಿ ಹೇಳಿದಳು, ದೂರುವ ದನಿಯಲ್ಲಿ ಅಲ್ಲ.

ನಾನು ಮುಂದೆ ಬಂದು, ಆ ಫೋನ್ ಬರದಂತೆ ಆದದ್ದು ನನ್ನಿಂದ, ಮೇಡಂ ತಪ್ಪಲ್ಲ ಎಂದೆ. ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಇತ್ತು, ಅದನ್ನು ವಿಚಾರ ಮಾಡದೆ ತೆಗೆದುಹಾಕಿದೆ ಎಂದೆ. ಸೊಸೆ ತಲೆ ತಗ್ಗಿಸಿದಳು. ಆ ಹೆಣ್ಣುಮಗಳು ನನ್ನನ್ನು ನೋಡಿದರು. ಒಂದೊಂದು ಮಾತಿಗೆ ಒಂದೊಂದು ಉಸಿರು ಬೇಕಿತ್ತು ಅವರಿಗೆ.

"ತಗೀಬೇಕಾದ್ರ... ನಾ ಅದರಾಗ ಅದೀನಿ ಅಂತ... ನಿನಗ ಗೊತ್ತಿತ್ತೇನಪಾ?"

"ಇಲ್ರೀ ಅವ್ವಾರ," ಅಂದೆ. "ನಾ ನೋಡಲೇ ಇಲ್ಲ."

ಅವರು ಕಣ್ಣು ಮುಚ್ಚಿ ತಲೆಯನ್ನು ಗೋಡೆಗೆ ಆನಿಸಿದರು. ಮೇಡಂ ಸಿಲಿಂಡರಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಗೇಜಿನ ಮುಳ್ಳು ನೋಡಿ ಅಂಕಿ ಹೇಳಿದರು. ನನ್ನ ಕೈಯಲ್ಲಿ ಫೋನ್ ಇತ್ತು. ಆ ಹೆಸರು ಹುಡುಕಿ, ಎದುರಿಗೆ ಅಂಕಿಯನ್ನು ಬರೆದು, ಸರಿ ಇದೆಯೇ ಎಂದು ಅವರಿಗೆ ತೋರಿಸಿದೆ. ಅವರು ಓದಿ ನೋಡಿ, ಇನ್ನೊಮ್ಮೆ ಗೇಜು ನೋಡಿ, ಆಮೇಲೆ ಹೂಂ ಅಂದರು.